ಎರಡೂಕಾಲು ತಾಸಿನ ಸುಳ್ಳು

ಹೋದ ಸಲದ ರಾಜ್ಯೋತ್ಸವದ ಊಟಕ್ಕೆ ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಹೋಗಿದ್ದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಹಿಂದಿನಿಂದ ಒಬ್ಬರು ಹೇಳಿದರು: "ಈಗ ದೂರ ಅನ್ನೋದು ಎಲ್ಲಿದೆ ಸಾರ್? ದೆಹಲಿಯಿಂದ ಬೆಂಗಳೂರು ಎರಡೂ ಮುಕ್ಕಾಲು ಗಂಟೆ, ಹೈದರಾಬಾದು ಎರಡೂಕಾಲು ಗಂಟೆ. ಗುರುಗ್ರಾಮದಿಂದ ನೋಯ್ಡಾಕ್ಕೆ ಹೋಗೋಕೇ ಅಷ್ಟು ಹೊತ್ತು ಬೇಕು!" ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಕೆಲವು ವರ್ಷಗಳ ಹಿಂದೆ ಈ ಮಾತನ್ನು ನಾನೇ ಹೇಳುತ್ತಿದ್ದೆ, ಇದೇ ಹಾಸ್ಯದ ಸಮೇತ. ಮನೆಗೆ ಬಂದ ಮೇಲೆ ಮಾತ್ರ ಆ ನಗೆ ಜೀರ್ಣವಾಗಲಿಲ್ಲ. ಅದಕ್ಕೇ ಈ ಬರಹ.

ನನ್ನ ವಾದ ಸರಳ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಸಮಯ ಎಂಬ ಎರಡು ಸಂಖ್ಯೆಗಳು ವಿಮಾನಕ್ಕೆ ಸಂಬಂಧಿಸಿದವು, ಮನುಷ್ಯನಿಗಲ್ಲ. ಅವನ್ನು ನಾವು ಮನುಷ್ಯನ ದೂರ ಎಂದು ನಂಬಿದ್ದೇವೆ. ನಂಬಿದ್ದಷ್ಟೇ ಅಲ್ಲ, ಊರಿನಲ್ಲಿರುವ ತಂದೆತಾಯಿಗೂ ನಂಬಿಸಿದ್ದೇವೆ, ಕೈಕೆಳಗಿನವರ ರಜೆಗೂ ಅದೇ ಅಳತೆಗೋಲು ಹಿಡಿದಿದ್ದೇವೆ. ಸರಕಾರಗಳು ಅದೇ ಸಂಖ್ಯೆ ತೋರಿಸಿ ಚಪ್ಪಾಳೆ ತೆಗೆದುಕೊಳ್ಳುತ್ತವೆ. ಇದು ಬರೀ ತಪ್ಪು ಲೆಕ್ಕ ಅಲ್ಲ, ಅನ್ಯಾಯದ ಲೆಕ್ಕ.

ಮೊದಲು ಆ ಸಂಖ್ಯೆಯನ್ನೇ ನೋಡೋಣ

ಯಾವುದೇ ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿ ದೂರ ಕೇಳಿದರೆ ಒಂದು ಉತ್ತರ ಬರುತ್ತದೆ. ಅದು ಬರುವುದು ಎಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತಿರುವ ಗೋಳದ ತ್ರಿಕೋನಮಿತಿಯಿಂದ. ಭೂಮಿಯನ್ನು 6,371 ಕಿಲೋಮೀಟರ್ ತ್ರಿಜ್ಯದ ಚೆಂಡು ಎಂದು ಭಾವಿಸಿ, ಎರಡು ಬಿಂದುಗಳ ನಡುವೆ ಅದರ ಮೈಮೇಲೆ ಅತಿ ಕಿರಿದಾದ ಕಮಾನು ಎಳೆದರೆ ಸಿಗುವ ಉದ್ದ ಅದು. ಆ ಲೆಕ್ಕದಲ್ಲಿ ದೆಹಲಿಯಿಂದ ಬೆಂಗಳೂರಿಗೆ ಸುಮಾರು 1,710 ಕಿ.ಮೀ., ಹೈದರಾಬಾದಿಗೆ ಸುಮಾರು 1,270 ಕಿ.ಮೀ., ನಮ್ಮ ಕಲಬುರಗಿಗೆ ಸುಮಾರು 1,250 ಕಿ.ಮೀ.

ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ದೆಹಲಿಯಿಂದ ನೋಡಿದರೆ ಕಲಬುರಗಿ ಬೆಂಗಳೂರಿಗಿಂತ ಸುಮಾರು 460 ಕಿ.ಮೀ. ಹತ್ತಿರ. ಹೈದರಾಬಾದಿಗಿಂತಲೂ ಒಂದು ಕೂದಲು ಹತ್ತಿರ. ಈ ಮಾತಿಗೆ ಆಮೇಲೆ ಬರುತ್ತೇನೆ.

ಈ ಕಮಾನಿನ ಮೇಲೆ ಯಾವ ವಿಮಾನವೂ ತಪ್ಪದೆ ಹಾರುವುದಿಲ್ಲ. ಗಾಳಿ, ವಾಯುಸೇನೆಯ ನಿರ್ಬಂಧಿತ ಪ್ರದೇಶಗಳು, ಪಕ್ಕದ ದೇಶದ ಸಿಟ್ಟು, ಇಳಿಯುವ ಸರದಿ, ಎಲ್ಲ ಸೇರಿ ದಾರಿಯನ್ನು ಬಗ್ಗಿಸುತ್ತವೆ. ದೊಡ್ಡ ಉದಾಹರಣೆ ಕೊಡುತ್ತೇನೆ. ದೆಹಲಿ ಮತ್ತು ಸ್ಯಾನ್‌ ಫ್ರಾನ್ಸಿಸ್ಕೊ ನಡುವೆ ಗೋಳದ ಮೇಲಿನ ನೇರ ದೂರ ಸುಮಾರು 12,400 ಕಿ.ಮೀ. ಏರ್ ಇಂಡಿಯಾದ ವಿಮಾನ ಮೊದಲು ಪಶ್ಚಿಮಕ್ಕೆ, ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು, ಅಂದಾಜು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ದಾರಿ ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹಾರಿತು. ದೂರ 15,300 ಕಿ.ಮೀ.ಗೆ ಏರಿತು, ಸಮಯ ಹದಿನಾಲ್ಕೂವರೆ ತಾಸಿಗೆ ಇಳಿಯಿತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಗಾಳಿ ಮೊದಲು ಎದುರಿಗೆ ನಿಲ್ಲುತ್ತಿತ್ತು, ಈಗ ಬೆನ್ನಿಗೆ ಬಂತು, ಅಷ್ಟೆ. 2019ರಲ್ಲಿ ಮತ್ತು ಮತ್ತೆ 2025ರಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ, ಅಮೆರಿಕಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತು ಹಾಕಿದವು. ನೇರ ದೂರದ ಸಂಖ್ಯೆ ಒಂದು ಕಿಲೋಮೀಟರೂ ಬದಲಾಗಲಿಲ್ಲ.

ಅಂದರೆ ವಿಮಾನಕ್ಕೂ ಆ ದೂರ ಪೂರ್ತಿ ನಿಜವಲ್ಲ. ಇನ್ನು ಪ್ರಯಾಣಿಕನ ಪಾಡೇನು?

ಸಮಯದ ಸಂಖ್ಯೆಯ ಕತೆ ಬೇರೆ. ಟಿಕೆಟ್ಟಿನ ಮೇಲೆ ಬರೆದಿರುವ ಎರಡೂಕಾಲು ತಾಸು ಆಕಾಶದಲ್ಲಿರುವ ಸಮಯವಲ್ಲ. ಅದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ಇಲ್ಲಿ ಗಾಲಿ ಕದಲಿದ ಗಳಿಗೆಯಿಂದ ಅಲ್ಲಿ ಗಾಲಿಗೆ ತಡೆಗಟ್ಟೆ ಇಡುವ ಗಳಿಗೆಯವರೆಗಿನ ಸಮಯ ಅದು. 1,270 ಕಿ.ಮೀ. ದೂರವನ್ನು ತಾಸಿಗೆ 830 ಕಿ.ಮೀ. ವೇಗದಲ್ಲಿ ಹಾರಿದರೆ ಒಂದೂವರೆ ತಾಸು ಸಾಕು. ಉಳಿದದ್ದು ಏರುವುದು, ಇಳಿಯುವುದು, ರನ್‌ವೇ ಸರದಿಗಾಗಿ ತೆವಳುವುದು, ಅದರ ಮೇಲೆ ಕಂಪನಿ ತನ್ನ ಸುರಕ್ಷೆಗೆ ಸೇರಿಸಿಕೊಂಡ ಒಂದಿಷ್ಟು ನಿಮಿಷ. ನಿಗದಿತ ಸಮಯದಿಂದ 15 ನಿಮಿಷದೊಳಗೆ ಮುಗಿದರೆ 'ಸಕಾಲ' ಎಂದು ಲೆಕ್ಕ. ಆದ್ದರಿಂದ ಗಾದಿ ದಪ್ಪ ಇದ್ದಷ್ಟೂ ಹೆಸರು ಒಳ್ಳೆಯದು. ಪ್ರಾಜೆಕ್ಟ್ ಮ್ಯಾನೇಜರನಾಗಿ ನಾನೂ ಇದನ್ನೇ ಮಾಡುತ್ತೇನೆ, ಹಾಗಾಗಿ ಬೈಯುವುದಿಲ್ಲ. ನನ್ನ ತಕರಾರು ಬೇರೆ. ಕಂಪನಿಯವರು ತಮ್ಮ ಗಾಲಿಗೆ ಗಾದಿ ಇಟ್ಟುಕೊಂಡಿದ್ದಾರೆ. ಪ್ರಯಾಣಿಕನ ದಾರಿಗೆ ಯಾರೂ ಒಂದು ನಿಮಿಷ ಇಟ್ಟಿಲ್ಲ.

ನಮ್ಮ ಕಸುಬಿನಲ್ಲಿ ಹೊಸಬರಿಗೆ ಮೊದಲ ವಾರವೇ ಒಂದು ಪಾಠ ಹೇಳುತ್ತೇವೆ. ಒಂದು ಕೆಲಸಕ್ಕೆ ಕೈ ತಗಲುವ ಸಮಯ ಬೇರೆ, ಕೆಲಸ ಕೇಳಿದ ದಿನದಿಂದ ಕೈಗೆ ಬರುವ ದಿನದವರೆಗಿನ ಸಮಯ ಬೇರೆ. ಕೋಡ್ ಬರೆಯಲು ಎರಡು ದಿನ ಹಿಡಿದಿರಬಹುದು. ಅನುಮತಿ, ಪರೀಕ್ಷೆ, ಸರದಿ ಸೇರಿ ಗ್ರಾಹಕನಿಗೆ ಮುಟ್ಟಿದ್ದು ಇಪ್ಪತ್ತು ದಿನಕ್ಕೆ. "ನಾವು ಎರಡೇ ದಿನದಲ್ಲಿ ಮುಗಿಸಿದೆವು" ಎಂದು ಗ್ರಾಹಕನ ಮುಂದೆ ಹೇಳಿದರೆ ಅವನು ಕುರ್ಚಿಯಿಂದ ಎಬ್ಬಿಸಿ ಕಳಿಸುತ್ತಾನೆ. ಆಫೀಸಿನಲ್ಲಿ ಇಷ್ಟು ಬುದ್ಧಿ ಇರುವ ನಾವು ನಮ್ಮದೇ ಊರಿನ ದಾರಿಯ ವಿಷಯಕ್ಕೆ ಬಂದಾಗ ಎರಡು ದಿನದ ಲೆಕ್ಕವನ್ನೇ ಹೇಳುತ್ತೇವೆ.

ನನ್ನ ಲೆಕ್ಕ

ನನ್ನ ಊರು ಜೇವರ್ಗಿ ತಾಲೂಕಿನದು. ಕಲಬುರಗಿಯಿಂದ ಭೀಮೆ ದಾಟಿ ಜೇವರ್ಗಿಗೆ 40 ಕಿ.ಮೀ., ಅಲ್ಲಿಂದ ಊರಿಗೆ ಇನ್ನೂ 18. ನಾನಿರುವುದು ಗ್ರೇಟರ್ ನೋಯ್ಡಾದಲ್ಲಿ.

ಮೂರು ವರ್ಷದ ಹಿಂದಿನ ಜನವರಿ. ಒಂದು ಗುರುವಾರ ಬೆಳಿಗ್ಗೆ ತಮ್ಮ ಫೋನ್ ಮಾಡಿ, ಅಪ್ಪನಿಗೆ ಉಸಿರಾಟ ಸರಿಯಿಲ್ಲ, ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದ. ನಮ್ಮ ಟೀಮಿನ ಒಂದು ರಿಲೀಸ್ ಶನಿವಾರ ರಾತ್ರಿಗಿತ್ತು. ಡಾಕ್ಟರ್ ಏನಂದರು ಎಂದು ಕೇಳಿದೆ. ಸದ್ಯಕ್ಕೆ ಗಾಬರಿ ಇಲ್ಲ ಅಂದರಂತೆ. ಅಪ್ಪನೇ ಫೋನ್ ತೆಗೆದುಕೊಂಡು ಹೇಳಿದರು: "ನೀ ಏನ್ ಅವಸರ ಮಾಡಬ್ಯಾಡ. ಕೆಲಸ ಮುಗಿಸಿಕೊಂಡು ಬಾ. ಈಗ ಇಮಾನ ಅದ ಅಲ್ಲ, ಎರಡು ತಾಸಿನ ಮಾತು."

ಎರಡು ತಾಸಿನ ಮಾತು. ಅದು ಅಪ್ಪನ ಮಾತಲ್ಲ, ನನ್ನದು. ದೆಹಲಿಗೆ ಕೆಲಸ ಸಿಕ್ಕಾಗ "ಅಷ್ಟು ದೂರ ಯಾಕೋ" ಎಂದಿದ್ದ ಅವ್ವ–ಅಪ್ಪನಿಗೆ ನಾನೇ ಹೇಳಿಕೊಟ್ಟದ್ದು. ಹದಿನೈದು ವರ್ಷ ಪ್ರತಿ ದೀಪಾವಳಿಗೆ, ಪ್ರತಿ ಜಾತ್ರೆಗೆ ಹೇಳಿ ಹೇಳಿ ಗಟ್ಟಿ ಮಾಡಿದ್ದು. ಅಂದು ಅದನ್ನೇ ಅವರು ನನಗೆ ವಾಪಸು ಕೊಟ್ಟರು.

ಶನಿವಾರ ರಾತ್ರಿ 11 ಗಂಟೆ 40 ನಿಮಿಷಕ್ಕೆ ತಮ್ಮನ ಫೋನ್ ಬಂತು. ಅಪ್ಪ ಹೋಗಿದ್ದರು.

ಬೆಳಿಗ್ಗೆ ಆರೂವರೆಯ ಹೈದರಾಬಾದ್ ವಿಮಾನಕ್ಕೆ ಟಿಕೆಟ್ ಸಿಕ್ಕಿತು. ಆಮೇಲಿನದು ಬರೀ ಗಡಿಯಾರ. ರಾತ್ರಿ ಮೂರಕ್ಕೆ ಮನೆ ಬಿಟ್ಟೆ. ಎಕ್ಸ್‌ಪ್ರೆಸ್‌ವೇ ಮೇಲೆ ಮಂಜು, ಕಾರು ಎತ್ತಿನ ಬಂಡಿಯಂತೆ ಹೋಯಿತು, ನಿಲ್ದಾಣ ಮುಟ್ಟಿದಾಗ ನಾಲ್ಕೂವರೆ. ಆರೂವರೆಯ ವಿಮಾನ ಏಳೂವರೆ ಆಯಿತು, ಎಂಟೂವರೆ ಆಯಿತು, ಕದಲಿದ್ದು 9 ಗಂಟೆ 50 ನಿಮಿಷಕ್ಕೆ, ನೆಲ ಬಿಟ್ಟದ್ದು 10 ಗಂಟೆ 20 ನಿಮಿಷಕ್ಕೆ. ಶಂಶಾಬಾದಿನಲ್ಲಿ ಇಳಿದದ್ದು 12 ಗಂಟೆ 15 ನಿಮಿಷಕ್ಕೆ. ಒಂದಕ್ಕೆ ಟ್ಯಾಕ್ಸಿ ಹೊರಟಿತು. ಕಲಬುರಗಿ ಅಲ್ಲಿಂದ ಸುಮಾರು 220 ಕಿ.ಮೀ. ಚಾಲಕ ನನ್ನ ಮುಖ ನೋಡಿ ಎಲ್ಲಿಯೂ ನಿಲ್ಲಿಸಲಿಲ್ಲ. ಆದರೂ ಮುಟ್ಟಿದಾಗ ಆರು ದಾಟಿತ್ತು. ಊರು ಸೇರಿದಾಗ ಸಂಜೆ ಏಳೂವರೆ.

ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಐದೂ ಮುಕ್ಕಾಲರ ತನಕ ಕಾದಿದ್ದರಂತೆ. ನಾನು ಹೋಗುವಾಗ ಅಂಗಳದಲ್ಲಿ ಶಾಮಿಯಾನದ ಕೆಳಗೆ ನಾಲ್ಕೈದು ಜನ ಕೂತಿದ್ದರು. ಹೊಲದಲ್ಲಿ ಹಸಿ ಮಣ್ಣಿನ ಗುಡ್ಡೆ ಇತ್ತು, ತಮ್ಮ ಬ್ಯಾಟರಿ ಹಿಡಿದು ತೋರಿಸಿದ.

ಈಗ ಕೂಡಿಸಿ. ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಹದಿನಾರೂವರೆ ತಾಸು. ಅದರಲ್ಲಿ ಆಕಾಶದಲ್ಲಿ ಇದ್ದದ್ದು 1 ತಾಸು 55 ನಿಮಿಷ, ನೂರಕ್ಕೆ ಹನ್ನೆರಡು ಪಾಲು. ಮಂಜಿನ ತಡವನ್ನು ತೆಗೆದುಬಿಡಿ, ಎಲ್ಲ ಗಡಿಯಾರದಂತೆ ನಡೆದಿತ್ತು ಅಂದುಕೊಳ್ಳಿ. ಆಗಲೂ ಹದಿಮೂರು ತಾಸಿನ ಮೇಲೆ. ಎರಡೂಕಾಲು ಎಲ್ಲಿ, ಹದಿಮೂರು ಎಲ್ಲಿ?

ಇನ್ನೊಂದು ಸಣ್ಣ ವಿವರ ಇದೆ. ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮದ ಪ್ರಕಾರ, ಬ್ಲಾಕ್ ಟೈಮ್ ಎರಡೂವರೆ ತಾಸಿನೊಳಗಿನ ವಿಮಾನ ಎರಡು ತಾಸು ತಡವಾದರೆ ಪ್ರಯಾಣಿಕರಿಗೆ ತಿಂಡಿ–ಪಾನೀಯ ಕೊಡಬೇಕು. ಎರಡೂವರೆಯಿಂದ ಐದು ತಾಸಿನ ವಿಮಾನವಾದರೆ ಮೂರು ತಾಸು ಕಾಯಬೇಕು. ಅಂದರೆ ಹೈದರಾಬಾದಿಗೆ ಹೋಗುವವನಿಗೆ ಹಸಿವು ಎರಡು ತಾಸಿಗೆ, ಬೆಂಗಳೂರಿಗೆ ಹೋಗುವವನಿಗೆ ಮೂರು ತಾಸಿಗೆ. ನಿಯಮ ಬರೆದವರು ಮನುಷ್ಯನ ಕಷ್ಟವನ್ನೂ ಹಾರಾಟದ ಸಮಯದಿಂದಲೇ ಅಳೆದಿದ್ದಾರೆ. ಮಂಜು ಯಾರ ಕೈಯಲ್ಲೂ ಇಲ್ಲದ ಕಾರಣ, ಅದಕ್ಕೆ ಪರಿಹಾರದ ಹಣ ಇಲ್ಲ, ಅದು ಸರಿ. ಅಪ್ಪ ಸತ್ತ ಬೆಳಿಗ್ಗೆ ನನಗೆ ಹಕ್ಕಿನಿಂದ ದಕ್ಕಿದ್ದು ಒಂದು ಡಬ್ಬಿ ಉಪ್ಪಿಟ್ಟು ಮತ್ತು ಒಂದು ಬಾಟಲಿ ನೀರು. ಡಬ್ಬಿ ಪಕ್ಕದ ಹುಡುಗನಿಗೆ ಕೊಟ್ಟೆ.

ಆದರೆ ಮಂಜನ್ನು ಬೈಯಲು ಇದನ್ನು ಬರೆಯುತ್ತಿಲ್ಲ, ವಿಮಾನವನ್ನು ಬೈಯಲೂ ಅಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ದಿನಾ ರಾತ್ರಿ ನವದೆಹಲಿ ಬಿಟ್ಟು, ಮಾರನೆಯ ದಿನವೆಲ್ಲ ಓಡಿ, ಮನಮಾಡ, ದೌಂಡ್, ಸೋಲಾಪುರ ದಾಟಿ ಎರಡನೆಯ ರಾತ್ರಿ ಕಲಬುರಗಿ ಮುಟ್ಟುತ್ತದೆ. ಹಳಬರು ಇನ್ನೂ ಕೆ.ಕೆ. ಎಕ್ಸ್‌ಪ್ರೆಸ್ ಎನ್ನುವ ಅದೇ ಗಾಡಿ. ಗುರುವಾರ ರಾತ್ರಿ ನಾನು ಅದನ್ನು ಹತ್ತಿದ್ದರೆ ಶನಿವಾರ ಬೆಳಕು ಹರಿಯುವಾಗ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದಲ್ಲಿ ಇರುತ್ತಿದ್ದೆ. ಅವರ ಕೊನೆಯ ದಿನ ಪೂರ್ತಿ ನನ್ನದಾಗುತ್ತಿತ್ತು. ಹತ್ತಲಿಲ್ಲ. ಯಾಕೆಂದರೆ ನನ್ನ ತಲೆಯಲ್ಲಿ ಊರು ಎರಡು ತಾಸು ದೂರದಲ್ಲಿತ್ತು. ಎರಡು ತಾಸಿನ ಊರಿಗೆ ಯಾರು ಎರಡು ದಿನ ಮೊದಲೇ ಹೊರಡುತ್ತಾರೆ?

ನನ್ನನ್ನು ತಡಮಾಡಿಸಿದ್ದು ವಿಮಾನವಲ್ಲ, ಆ ಸಂಖ್ಯೆ.

ಹತ್ತಿರವಾದದ್ದು ಯಾರಿಗೆ?

"ನಿಮ್ಮೂರಿನಲ್ಲೇ ಈಗ ವಿಮಾನ ನಿಲ್ದಾಣ ಇದೆಯಲ್ಲ" ಎಂದು ಓದುಗರು ಕೇಳಬಹುದು. ಇದೆ. 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಮೂರು ಕಿಲೋಮೀಟರಿಗಿಂತ ಉದ್ದದ ರನ್‌ವೇ ಇದೆ, ದೊಡ್ಡ ವಿಮಾನ ಇಳಿಯಬಹುದು. ಆ ದಿನ ಪತ್ರಿಕೆ ನೋಡಿ ನಾನೂ ಆಫೀಸಿನಲ್ಲಿ ಪೇಡೆ ಹಂಚಿದ್ದೆ. ಆದರೆ ರನ್‌ವೇ ಇರುವುದು ಬೇರೆ, ನಿಮಗೆ ಬೇಕಾದ ದಿನ, ನಿಮಗೆ ಬೇಕಾದ ಊರಿನಿಂದ ವಿಮಾನ ಇರುವುದು ಬೇರೆ. ಆ ಭಾನುವಾರ ನನಗೆ ದೆಹಲಿಯಿಂದ ಅಲ್ಲಿಗೆ ನೇರ ವಿಮಾನ ಇರಲಿಲ್ಲ. 1,250 ಕಿ.ಮೀ. ದೂರದ ಊರಿಗೆ ಹೋಗಲು 1,710 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ಹಿಂದಕ್ಕೆ ಬರಬೇಕು, ಇಲ್ಲವೇ ಪಕ್ಕದ ರಾಜ್ಯದಲ್ಲಿ ಇಳಿದು ಐದು ತಾಸು ರಸ್ತೆ ಸವೆಸಬೇಕು.

ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲಿನಲ್ಲಿ ಶಿಮ್ಲಾದಿಂದ ದೆಹಲಿಗೆ ಹಾರಿತು. ಸಣ್ಣ ಊರುಗಳ ಮಾರ್ಗಕ್ಕೆ ಮೂರು ವರ್ಷ ಸರಕಾರದ ಸಹಾಯಧನ, ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು ಎನ್ನುವುದು ಯೋಜನೆಯ ಆಲೋಚನೆ. ಮಹಾಲೇಖಪಾಲರ 2023ರ ವರದಿ ಏನು ಹೇಳಿತು ನೋಡಿ. ಮೂರನೆಯ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ ಶುರುವಾದದ್ದು 371. ಮೂರು ವರ್ಷ ಪೂರೈಸಿದ್ದು 112. ಅದರ ನಂತರವೂ ಉಳಿದದ್ದು, 2023ರ ಮಾರ್ಚಿನ ಹೊತ್ತಿಗೆ, ಬರೀ 54. ನೂರಕ್ಕೆ ಏಳು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಗೋ-ಲೈವ್ ದಿನ ಕೇಕ್ ಕತ್ತರಿಸಿ, ಆರು ತಿಂಗಳ ನಂತರ ಎಷ್ಟು ಜನ ಬಳಸುತ್ತಿದ್ದಾರೆ ಎಂದು ಯಾರೂ ನೋಡದ ಪ್ರಾಜೆಕ್ಟು. ಸಹಾಯಧನ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಳತೆ ತಪ್ಪು ಎನ್ನುತ್ತಿದ್ದೇನೆ. 'ಎಷ್ಟು ನಿಲ್ದಾಣ ಉದ್ಘಾಟಿಸಿದೆವು' ಎಂದು ಎಣಿಸಿದರೆ ನಿಲ್ದಾಣ ಸಿಗುತ್ತದೆ. 'ಜೇವರ್ಗಿಯವನು ಎಷ್ಟು ತಾಸಿನಲ್ಲಿ ದೆಹಲಿಯ ಏಮ್ಸ್ ಮುಟ್ಟುತ್ತಾನೆ' ಎಂದು ಎಣಿಸಿದ್ದರೆ ವಿಮಾನವೂ ಸಿಗುತ್ತಿತ್ತು, ರಸ್ತೆಯೂ ಸಿಗುತ್ತಿತ್ತು, ಮತ್ತೊಂದು ರೈಲೂ ಸಿಗುತ್ತಿತ್ತು.

ಬೆಂಗಳೂರಿನವರು ಇದು ತಮಗೆ ಸಂಬಂಧಿಸಿದ್ದಲ್ಲ ಅಂದುಕೊಳ್ಳಬೇಡಿ. 2008ರ ಮೇ ತಿಂಗಳಲ್ಲಿ ಹಳೆಯ ಎಚ್‌ಎಎಲ್ ನಿಲ್ದಾಣ ಮುಚ್ಚಿ ದೇವನಹಳ್ಳಿಯದು ತೆರೆಯಿತು. ನಕಾಶೆ ತೆಗೆದು ನೋಡಿ, ದೇವನಹಳ್ಳಿ ಇರುವುದು ಉತ್ತರಕ್ಕೆ. ಅಂದರೆ ಆ ಒಂದು ರಾತ್ರಿಯಲ್ಲಿ ಬೆಂಗಳೂರು ದೆಹಲಿಗೆ ಸುಮಾರು 28 ಕಿ.ಮೀ. ಹತ್ತಿರವಾಯಿತು! ಜಯನಗರದ ಮನೆಗೆ ಮುಟ್ಟುವ ಹೊತ್ತು ಹತ್ತಿರವಾಯಿತೋ ದೂರವಾಯಿತೋ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಕೂತು ನೀವೇ ಹೇಳಿ. ಹಳೆಯ ನಿಲ್ದಾಣ ಸಾಲುತ್ತಿರಲಿಲ್ಲ, ಹೊಸದು ಬೇಕಿತ್ತು, ಅದಕ್ಕೆ ತಕರಾರಿಲ್ಲ. ಆದರೆ ದೂರ ಕಡಿಮೆಯಾಗಿ ದಾರಿ ಹೆಚ್ಚಾಗುವ ಈ ಚಮತ್ಕಾರವನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯುವ ಯಾವ ಲೆಕ್ಕವೂ ತೋರಿಸುವುದಿಲ್ಲ.

ಆ ಲೆಕ್ಕದಲ್ಲಿ ಹತ್ತಿರವಾಗುವುದು ಎರಡು ದೊಡ್ಡ ಊರುಗಳ ನಡುವೆ ಸಣ್ಣ ಪೆಟ್ಟಿಗೆ ಹಿಡಿದು ಓಡಾಡುವವನಿಗೆ. ಅವನಿಗೆ ನಿಲ್ದಾಣವೇ ಊರು. ನಮ್ಮಂಥವರಿಗೆ ನಿಲ್ದಾಣದಿಂದಾಚೆ ಶುರುವಾಗುವುದೇ ಊರು.

ನಮ್ಮ ಪಾಲಿನ ತಪ್ಪು

ಸರಕಾರವನ್ನು, ಆ್ಯಪನ್ನು ಬೈದು ಮುಗಿಸಿದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ನಾನೇ ಮಾಡಿದ್ದೊಂದನ್ನು ಹೇಳಬೇಕು.

ಅಪ್ಪ ಹೋಗುವ ಎರಡು ವರ್ಷ ಮೊದಲು ನನ್ನ ಟೀಮಿನ ಒಬ್ಬಳು ಹುಡುಗಿ ಅಜ್ಜಿ ತೀರಿಕೊಂಡರೆಂದು ರಜೆ ಕೇಳಿದಳು. ಅವಳ ಊರು ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆ. ಶುಕ್ರವಾರ ಹೊರಟವಳಿಗೆ ಗುರುವಾರದವರೆಗೆ ರಜೆ ಬೇಕಿತ್ತು. ನಾನು ಫೋನಿನಲ್ಲಿ ನೋಡಿದೆ: ದೆಹಲಿ–ಭುವನೇಶ್ವರ, ಎರಡೂಕಾಲು ತಾಸು ಚಿಲ್ಲರೆ. "ಇಷ್ಟೇ ದೂರ ಅಲ್ವಾ? ಮಂಗಳವಾರ ಬಂದುಬಿಡಿ" ಎಂದೆ. ಒಳ್ಳೆಯ ಮಾತಿನಲ್ಲೇ ಹೇಳಿದೆ, ನಗುತ್ತಲೇ ಹೇಳಿದೆ. ಭುವನೇಶ್ವರದಿಂದ ಅವಳ ಊರಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚು, ರಾತ್ರಿಯಿಡೀ ಬಸ್ಸು, ಆಮೇಲೂ ದಾರಿ ಉಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಒಂದು ನಿಮಿಷ ಸಾಕಿತ್ತು. ಅವಳು ಏನೂ ವಾದಿಸಲಿಲ್ಲ. ಮಂಗಳವಾರ ಬೆಳಿಗ್ಗೆ ಕೆಂಪು ಕಣ್ಣು ಹೊತ್ತುಕೊಂಡು ಕೂತಿದ್ದಳು. ನಾನು ಅವಳ ಮನೆಯ ಸೂತಕದಿಂದ ಎರಡು ದಿನ ಕದ್ದಿದ್ದೆ, ಅಳತೆಗೋಲು ನನ್ನ ಕೈಯಲ್ಲಿತ್ತು ಎಂಬ ಒಂದೇ ಕಾರಣಕ್ಕೆ.

ನಾನು ಕೆಲಸ ಮಾಡುವ ಕಡೆ ಸಾವಿನ ರಜೆ ಮೂರು ದಿನ. ದೆಹಲಿಯಲ್ಲೇ ಮನೆ ಇರುವವನಿಗೂ ಮೂರು, ಜೇವರ್ಗಿಯವನಿಗೂ ಮೂರು, ಮಲ್ಕಾನ್‌ಗಿರಿಯವಳಿಗೂ ಮೂರು. ಕೇಳಿದರೆ "ಫ್ಲೈಟ್ ಇದೆಯಲ್ಲ" ಎನ್ನುವ ಉತ್ತರ ತಯಾರಿರುತ್ತದೆ. ನಿಮ್ಮಲ್ಲಿ ಅನೇಕರು ಇದನ್ನು ಕೇಳಿಸಿಕೊಂಡವರು. ನಿಮ್ಮಲ್ಲಿ ಕೆಲವರು, ನನ್ನ ಹಾಗೆ, ಹೇಳಿದವರೂ ಇದ್ದೀರಿ.

ಇನ್ನೂ ಆಳದ ತಪ್ಪೊಂದು ಇದೆ, ಅದನ್ನು ಹೇಳಲು ಮುಜುಗರ. ಈ ಸಂಖ್ಯೆ ನಮಗೆ ಬೇಕು. 'ಎರಡು ತಾಸಿನ ದಾರಿ' ಎಂದಾಗ ನಾವು ಊರು ಬಿಟ್ಟಿಲ್ಲ, ಪಕ್ಕದ ಓಣಿಗೆ ಬಂದಿದ್ದೇವೆ ಎನಿಸುತ್ತದೆ. ಅವ್ವ–ಅಪ್ಪನನ್ನು ಒಂಟಿಯಾಗಿ ಬಿಟ್ಟ ಭಾರ ಇಳಿಯುತ್ತದೆ. ಕರೆದರೆ ಬರುತ್ತೇನೆ ಎಂಬ ಮಾತಿಗೆ ಆ ಸಂಖ್ಯೆ ಜಾಮೀನು. ಅಪ್ಪನ ಕಾಲದಲ್ಲಿ ದೂರ ಹೋದವನು ದೂರ ಹೋದೆ ಎಂದೇ ಹೇಳುತ್ತಿದ್ದ. ಪತ್ರ ಬರೆಯುತ್ತಿದ್ದ, ಬರುವ ದಿನವನ್ನು ತಿಂಗಳ ಮೊದಲೇ ತಿಳಿಸುತ್ತಿದ್ದ, ಬಂದರೆ ಹದಿನೈದು ದಿನ ಇರುತ್ತಿದ್ದ. ನಾವು ವರ್ಷಕ್ಕೆ ಎರಡು ಸಲ, ಶುಕ್ರವಾರ ರಾತ್ರಿ ಹೊರಟು ಸೋಮವಾರಕ್ಕೆ ವಾಪಸು. ಅದರಲ್ಲಿ ಒಂದೂವರೆ ದಿನ ದಾರಿಯೇ ತಿನ್ನುತ್ತದೆ.

ಎದುರುವಾದಗಳು

"ಹಾಗಾದರೆ ವಿಮಾನವೇ ಬೇಡವೇ? ಹಿಂದೆ ಸತ್ತ ಸುದ್ದಿ ಟೆಲಿಗ್ರಾಮಿನಲ್ಲಿ ಬಂದು, ಮಗ ಬರುವಷ್ಟರಲ್ಲಿ ಮೂರನೆಯ ದಿನವೂ ಮುಗಿದಿರುತ್ತಿತ್ತಲ್ಲ?" ನಿಜ. ವಿಮಾನದಿಂದ ಎಷ್ಟೋ ಜನ ಮುಖ ನೋಡುವ ಹೊತ್ತಿಗೆ ಮುಟ್ಟಿದ್ದಾರೆ. ನಾನು ಈಗಲೂ ವಿಮಾನದಲ್ಲೇ ಹೋಗುತ್ತೇನೆ. ಟೆಲಿಗ್ರಾಮಿನ ಕಾಲದಲ್ಲಿ ದೂರ ದೊಡ್ಡದಿತ್ತು, ಆದರೆ ಅದರ ಬಗ್ಗೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನನಗೆ ವಿಮಾನವೂ ಬೇಕು, ನಿಜವೂ ಬೇಕು.

"ಪ್ರತಿಯೊಬ್ಬನ ಹಳ್ಳಿಯ ದಾರಿಯನ್ನು ಟಿಕೆಟ್ ಮಾರುವವರು ಹೇಗೆ ಹೇಳಿಯಾರು?" ಎರಡು ದೋಸೆ ತರಿಸಿದರೆ ಯಾವ ಗೇಟಿನ ಯಾವ ಮಹಡಿಗೆ ಎಷ್ಟು ನಿಮಿಷದಲ್ಲಿ ಬರುತ್ತದೆ ಎಂದು ಹೇಳುವ ಫೋನು ನಮ್ಮ ಜೇಬಿನಲ್ಲಿದೆ. ಮನೆಯಿಂದ ನಿಲ್ದಾಣಕ್ಕೆ ಇಷ್ಟು, ಒಳಗೆ ಕಾಯುವುದು ಇಷ್ಟು, ಹಾರುವುದು ಇಷ್ಟು, ಇಳಿದ ಮೇಲೆ ರಸ್ತೆ ಇಷ್ಟು ಎಂದು ನಾಲ್ಕು ಸಾಲು ಕೂಡಿಸುವುದು ಆಗದ ಕೆಲಸವಲ್ಲ. ಕೂಡಿಸಿದರೆ ಟಿಕೆಟ್ಟು ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಅದೇ ತೊಂದರೆ.

"ಸಣ್ಣ ಊರಿಗೆ ವಿಮಾನ ಹಾರಿಸಿದರೆ ಸೀಟು ತುಂಬುವುದಿಲ್ಲ." ತುಂಬದಿರಬಹುದು. ಹಾಗಿದ್ದರೆ ರಸ್ತೆ–ರೈಲಿನ ತಾಸು ಕಡಿಮೆ ಮಾಡಿ, ಅದಕ್ಕೇ ಹಣ ಹಾಕಿ. ಮುಂಬೈ, ಪುಣೆಯಲ್ಲಿರುವ ನಮ್ಮ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಕಲಬುರಗಿ ನಿಲ್ದಾಣದಲ್ಲೇ ಇಳಿಯುತ್ತಾರೆ. ಅವರನ್ನು ಕೇಳಿ, ಯಾರೂ 'ತಾಸು' ಕಡಿಮೆ ಮಾಡಿ ಹೇಳುವುದಿಲ್ಲ. ರೈಲಿನ ವೇಳಾಪಟ್ಟಿ ನಮ್ಮ ಊರಿನ ಹೆಸರು ಬರೆದು ಅದರ ಮುಂದೆ ಸಮಯ ಬರೆಯುತ್ತದೆ. ತಡವಾದರೂ ಅದು ನಮ್ಮ ಊರಿನ ತಡ.

ಮಾಡಬೇಕಾದ್ದು

ಮೂರು ಮಾತು ಕೇಳುತ್ತೇನೆ, ಮೂರೂ ಸಣ್ಣವು.

ಒಂದು, ಜನಪ್ರತಿನಿಧಿಗಳಿಗೆ. ಇನ್ನು ಮುಂದೆ ನಿಲ್ದಾಣದ ಸಂಖ್ಯೆ ಹೇಳಬೇಡಿ. ನಿಮ್ಮ ಕ್ಷೇತ್ರದ ಪ್ರತಿ ತಾಲೂಕಿನಿಂದ ದೆಹಲಿಗೆ, ಬೆಂಗಳೂರಿಗೆ ಎಷ್ಟು ತಾಸು ಎಂದು ಪಟ್ಟಿ ಹಾಕಿ, ವರ್ಷಕ್ಕೊಮ್ಮೆ ಅದು ಇಳಿಯಿತೋ ಏರಿತೋ ತಿಳಿಸಿ. ಮಾರ್ಗ ಶುರುವಾದ ದಿನ ಹಾರ ಹಾಕಿಸಿಕೊಂಡವರು ನಾಲ್ಕನೆಯ ವರ್ಷ ಅದು ಇನ್ನೂ ಇದೆಯೇ ಎಂದು ಬಂದು ನೋಡಿ.

ಎರಡು, ನಮ್ಮಲ್ಲಿ ಮ್ಯಾನೇಜರ್ ಆಗಿರುವವರಿಗೆ. ಸಾವು, ಕಾಯಿಲೆಯ ರಜೆಯನ್ನು ಬಾಗಿಲಿನಿಂದ ಬಾಗಿಲಿಗೆ ಎಣಿಸಿ, ದಾರಿಯ ದಿನವನ್ನು ರಜೆಯಿಂದ ಹೊರಗಿಡಿ. ನಿಯಮ ಬದಲಿಸುವ ಅಧಿಕಾರ ನಿಮಗಿಲ್ಲದಿರಬಹುದು. "ನಿಮ್ಮ ಮನೆ ಮುಟ್ಟಲು ಒಟ್ಟು ಎಷ್ಟು ಹೊತ್ತು?" ಎಂದು ಕೇಳುವ ಅಧಿಕಾರ ಇದೆ. ಮಲ್ಕಾನ್‌ಗಿರಿಯ ಹುಡುಗಿ ಈಗ ಬೇರೆ ಕಂಪನಿಯಲ್ಲಿದ್ದಾಳೆ. ಅವಳಿಗೆ ಹೋದ ವರ್ಷ ಪತ್ರ ಬರೆದು ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್, ಎಲ್ಲರೂ ಹಾಗೇ ಕೇಳುತ್ತಾರೆ" ಎಂದು ಉತ್ತರ ಬಂತು. ಆ 'ಎಲ್ಲರೂ' ನನಗೆ ಸಮಾಧಾನ ಕೊಡಲಿಲ್ಲ.

ಮೂರು, ನಮಗೆ, ಅಂದರೆ ಊರಿನ ಹೊರಗಿರುವ ಮಕ್ಕಳಿಗೆ. ಇಂದು ರಾತ್ರಿ ಕೂತು ನಿಮ್ಮ ಮನೆಯ ಬಾಗಿಲಿನಿಂದ ತಂದೆತಾಯಿಯ ಬಾಗಿಲಿಗೆ ಎಷ್ಟು ತಾಸು ಎಂದು ಪ್ರಾಮಾಣಿಕವಾಗಿ ಬರೆಯಿರಿ. ಚಳಿಗಾಲದ ಮಂಜು ಸೇರಿಸಿ, ಮಳೆಗಾಲದ ರಸ್ತೆ ಸೇರಿಸಿ. ಆ ಸಂಖ್ಯೆಯನ್ನು ಮನೆಯವರಿಗೆ ಹೇಳಿ. ಅವರಿಗೆ ನೋವಾಗಬಹುದು. ಆದರೆ ಮುಂದಿನ ಸಲ "ಸ್ವಲ್ಪ ಉಸಿರಾಟ ಸರಿಯಿಲ್ಲ" ಎಂಬ ಫೋನು ಬಂದಾಗ ಅವರೂ ನಿಮ್ಮನ್ನು ತಡೆಯುವುದಿಲ್ಲ, ನೀವೂ ತಡೆಯುವುದಿಲ್ಲ.

ನನ್ನ ಅವ್ವ ಈಗ ತಮ್ಮನ ಜೊತೆ ಇದ್ದಾಳೆ, ಎಪ್ಪತ್ತಾರು ವರ್ಷ. ಹೋದ ತಿಂಗಳು ಮೊಣಕಾಲು ನೋವೆಂದಾಗ ಬರುತ್ತೇನೆ ಎಂದೆ. "ಯಾಕ್ ಸುಮ್ನ ಓಡಾಡ್ತಿ, ಬೇಕಾದಾಗ ಎರಡು ತಾಸಿನಾಗ ಬರ್ತಿಯಲ್ಲ" ಅಂದಳು.

"ಇಲ್ಲವ್ವ, ಹದಿಮೂರು ತಾಸು" ಎಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಹಂಗಾದ್ರ ಈಗೇ ಬಾ" ಅಂದಳು.

ಹೋಗಿ ಬಂದೆ. ಒಂಬತ್ತು ದಿನ ಇದ್ದೆ.